ನಿದ್ದೆಯ ಸೌಂಡ್, ಕಡಲಿನ ಸೌಂಡ್

ಈ ಸಲ ಬಂದ ಪತ್ರಗಳನ್ನು ಜೋಡಿಸುತ್ತಾ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬೇರೆ ಬೇರೆಯವರು ಬೇರೆ ಬೇರೆ ಕಾರಣಕ್ಕೆ ಒಂದೇ ಇಂಗ್ಲಿಷ್ ಪದದ ಬಗ್ಗೆ ಕೇಳಿದ್ದಾರೆ. ಸೌಂಡ್. ಐದೇ ಅಕ್ಷರದ ಪದ, ನನಗೆ ಬಹಳ ಇಷ್ಟದ ಪದ ಕೂಡ. ಹಾಗಾಗಿ ಪುಟ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಏಳನೇ ಕ್ಲಾಸಿನಲ್ಲಿರುವ ನನ್ನ ಮಗಳು 'ಸೌಂಡ್ ಸ್ಲೀಪ್' ಅಂದರೇನು ಎಂದು ಕೇಳಿದಳು. ಗಾಢ ನಿದ್ದೆ ಅಂದೆ. ಗಾಢ ನಿದ್ದೆಯಲ್ಲಿ ಸದ್ದೇ ಇರಲ್ವಲ್ಲ, ಮತ್ತೆ ಸೌಂಡ್ ಯಾಕೆ ಅಂದಳು. ಗೊರಕೆಯಿಂದ ಬಂದಿರಬೇಕು ಅಂದರೆ ಒಪ್ಪಲಿಲ್ಲ. ಆಮೇಲೆ ಅಟ್ಲಾಸ್ ತಂದು ಸಮುದ್ರದ ಮೇಲೂ 'ಸೌಂಡ್' ಎಂದು ಬರೆದಿರುವುದನ್ನು ತೋರಿಸಿದಳು. ಒಂದು ಪದಕ್ಕೆ ಇಷ್ಟೊಂದು ಅರ್ಥ ಹೇಗೆ ಬರುತ್ತದೆ?

ಉತ್ತರ: ಮಗಳು ಒಪ್ಪದೇ ಇದ್ದದ್ದು ಸರಿ. ಗೊರಕೆಗೂ ಇದಕ್ಕೂ ಸಂಬಂಧವಿಲ್ಲ.

ಒಂದು ಪದಕ್ಕೆ ನಾಲ್ಕು ಅರ್ಥ ಬಂದಿಲ್ಲ, ನಾಲ್ಕು ಬೇರೆ ಬೇರೆ ಪದಗಳು ಬಂದು ಕಾಲಾಂತರದಲ್ಲಿ ಒಂದೇ ಥರ ಕೇಳಿಸತೊಡಗಿವೆ. ಒಳ್ಳೆಯ ಇಂಗ್ಲಿಷ್ ನಿಘಂಟು ತೆಗೆದು ನೋಡಿ. ಸೌಂಡ್ ಒಂದು, ಸೌಂಡ್ ಎರಡು, ಸೌಂಡ್ ಮೂರು ಎಂದು ಪದದ ಪಕ್ಕ ಚಿಕ್ಕ ಅಂಕೆ ಹಾಕಿ ಬೇರೆ ಬೇರೆ ನಮೂದು ಕೊಟ್ಟಿರುತ್ತಾರೆ. ನಾವು ಅರ್ಥ ಸಿಕ್ಕಿದ ಕೂಡಲೇ ಪುಟ ಮುಚ್ಚುತ್ತೇವೆ, ಆ ಚಿಕ್ಕ ಅಂಕೆಯನ್ನು ಗಮನಿಸುವುದೇ ಇಲ್ಲ. ಅದು ಹೇಳುವುದು ಇಷ್ಟೇ: ಇವರಿಬ್ಬರ ಹೆಸರು ಒಂದೇ, ಮನೆತನ ಬೇರೆ.

ಮೊದಲನೆಯದು ಸದ್ದು ಎಂಬ ಅರ್ಥದ ಸೌಂಡ್. ಇದು ಲ್ಯಾಟಿನ್ನಿನ 'ಸೊನುಸ್'ನಿಂದ ಬಂದದ್ದು. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಆಳುವವರ ಮಾತು ಫ್ರೆಂಚ್ ಆಯಿತು, ಆ ಫ್ರೆಂಚಿನ ಮೂಲಕ 'ಸೂನ್' ಎಂಬ ರೂಪದಲ್ಲಿ ಒಳಗೆ ಬಂತು. ಅದಕ್ಕೂ ಮುಂಚೆ ಇಂಗ್ಲಿಷರು ಸದ್ದಿಗೆ 'ಸ್ವೇಗ್' ಅನ್ನುತ್ತಿದ್ದರು. ಬಂದ ಪದ ನಿಂತಿತು, ಇದ್ದ ಪದ ಹೋಯಿತು.

ಎರಡನೆಯದು ನಿಮ್ಮ ಮಗಳ ನಿದ್ದೆಯ ಸೌಂಡ್. ಇದು ಅಪ್ಪಟ ಹಳೆಯ ಇಂಗ್ಲಿಷ್ ಪದ. ಆಗಿನ ರೂಪ 'ಗೆಸುಂಡ್', ಅರ್ಥ ಆರೋಗ್ಯವಾಗಿರುವ, ಪೆಟ್ಟಾಗದ, ಗಟ್ಟಿಯಾದ. ಮುಂದಿದ್ದ 'ಗೆ' ಸವೆದು ಬಿದ್ದುಹೋಯಿತು. ಜರ್ಮನ್ನಲ್ಲಿ ಅದು ಪೂರ್ತಿ ಉಳಿದಿದೆ. ಇವತ್ತಿಗೂ ಅಲ್ಲಿ 'ಗೆಸುಂಡ್' ಅಂದರೆ ಆರೋಗ್ಯವಂತ, ಯಾರಾದರೂ ಸೀನಿದರೆ 'ಗೆಸುಂಡ್‌ಹೈಟ್' ಅನ್ನುತ್ತಾರೆ, ಅಂದರೆ ಆರೋಗ್ಯ ಇರಲಿ ಎಂದು. ಹಾಗಾಗಿ ಸೌಂಡ್ ಸ್ಲೀಪ್ ಎಂದರೆ ಎಲ್ಲೂ ಮುರಿಯದ, ಇಡಿಯಾದ ನಿದ್ದೆ. 'ಸೇಫ್ ಅಂಡ್ ಸೌಂಡ್' ಎನ್ನುವಾಗಲೂ ಇದೇ ಪದ. ಜೀವಕ್ಕೂ ಅಪಾಯವಿಲ್ಲ, ಮೈಗೂ ಪೆಟ್ಟಿಲ್ಲ.

ಮೂರನೆಯದು ಅಟ್ಲಾಸಿನ ಸೌಂಡ್, ಅಂದರೆ ಎರಡು ನೆಲಗಳ ನಡುವಿನ ಕಿರಿದಾದ ಕಡಲು. ಇದು ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯ 'ಸುಂಡ್', ಅದಕ್ಕೆ ಈಜು ಎಂಬ ಅರ್ಥವೂ ಇತ್ತು. ನಾಲ್ಕನೆಯದು ನೀರಿನ ಆಳ ಅಳೆಯುವುದು, ಫ್ರೆಂಚಿನ 'ಸೊಂಡೆ' ಎಂಬ ಕ್ರಿಯಾಪದ. ಇವೆರಡರ ಬಗ್ಗೆ ಕೆಳಗೆ ಬೇರೆ ಪ್ರಶ್ನೆಗಳಿವೆ, ಅಲ್ಲೇ ಹೇಳುತ್ತೇನೆ.

ಈಗ ನಿಮ್ಮ ಅಸಲು ಪ್ರಶ್ನೆ. ನಾಲ್ಕು ಕಡೆಯಿಂದ ಬಂದವು ಒಂದೇ ಹೇಗಾದವು? ಹಳೆಯ ಕಾಲದಲ್ಲಿ ಇವೆಲ್ಲ 'ಸೂನ್', 'ಸೂಂಡ್' ಎಂಬಂತೆ, ಅಂದರೆ ಉದ್ದನೆಯ ಊಕಾರದಲ್ಲಿ ಕೇಳುತ್ತಿದ್ದವು. ಹೆಚ್ಚುಕಡಿಮೆ 15ರಿಂದ 17ನೇ ಶತಮಾನದ ನಡುವೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಜಾಗ ಬದಲಿಸಿದವು. 'ಹೂಸ್' ಎಂದಿದ್ದದ್ದು 'ಹೌಸ್' ಆಯಿತು, 'ಮೂಸ್' ಎಂದಿದ್ದದ್ದು 'ಮೌಸ್' ಆಯಿತು. ಅದೇ ಹೊಡೆತಕ್ಕೆ ಸೂಂಡ್ ಎಂಬವೆಲ್ಲ ಸೌಂಡ್ ಆದವು. ಜರ್ಮನ್ನಲ್ಲಿ ಈ ಥರದ ಪದಗಳಿಗೆ ಆ ಬದಲಾವಣೆ ಆಗಲಿಲ್ಲವಾದ್ದರಿಂದ ಅಲ್ಲಿ ಹಳೆಯ ಉಕಾರ ಇವತ್ತಿಗೂ ಕೇಳಿಸುತ್ತದೆ: ನಾಯಿಗೆ ಇಂಗ್ಲಿಷಿನಲ್ಲಿ ಹೌಂಡ್, ಜರ್ಮನ್ನಲ್ಲಿ ಹುಂಡ್. ಪೌಂಡಿಗೆ ಪ್ಫುಂಡ್. ಗ್ರೌಂಡಿಗೆ ಗ್ರುಂಡ್. ಸಾಲಾಗಿ ಜೋರಾಗಿ ಓದಿ ನೋಡಿ, ಕೊನೆಗೆ ಸೌಂಡಿಗೆ ಗೆಸುಂಡ್ ಬಂದಾಗ ತಾನೇ ಸರಿಯಾಗಿ ಕೂರುತ್ತದೆ.

ಇದು ಇಂಗ್ಲಿಷಿನ ವಿಚಿತ್ರ ಅಂತ ಮಗಳು ತಿಳಿಯಬಾರದು. ಅವಳಿಗೆ ಕನ್ನಡದ 'ಹರಿ' ಎಂಬ ಪದ ಕೊಡಿ. ನೀರು ಹರಿಯುತ್ತದೆ, ಬಟ್ಟೆ ಹರಿಯುತ್ತದೆ, ಹರಿ ಅಂದರೆ ವಿಷ್ಣು. ಮೂರಕ್ಕೂ ಸಂಬಂಧ ಹುಡುಕಲು ಹೋದರೆ ಕಥೆ ಕಟ್ಟಬೇಕಾಗುತ್ತದೆ ಅಷ್ಟೇ. ವಿಷ್ಣುವಿನ ಹರಿ ಸಂಸ್ಕೃತದ್ದು. ನೀರಿನ ಹರಿ ಹಳಗನ್ನಡದಲ್ಲಿ 'ಪರಿ', ಬಟ್ಟೆಯ ಹರಿ ಹಳಗನ್ನಡದಲ್ಲಿ 'ಪಱಿ', ಅಲ್ಲಿನ ರಕಾರವೇ ಬೇರೆ. ಕನ್ನಡದಲ್ಲಿ ಪಕಾರ ಹಕಾರವಾಯಿತು, ಎರಡು ಬಗೆಯ ರಕಾರ ಒಂದೇ ಆಯಿತು, ಮೂರು ಪದ ಒಂದೇ ಬಾಗಿಲಲ್ಲಿ ಬಂದು ನಿಂತವು. ಸೌಂಡಿಗೆ ಆದದ್ದೂ ಇದೇ.

ಎಲ್ಲ ಪದವೂ ಹೀಗೆ ಅಂತಲ್ಲ. ಸಂಸ್ಕೃತದ 'ಪಾದ' ನೋಡಿ. ಕಾಲು ಎಂದೂ ಆಗುತ್ತದೆ, ನಾಲ್ಕರಲ್ಲಿ ಒಂದು ಭಾಗ ಎಂದೂ ಆಗುತ್ತದೆ. ನಾಲ್ಕು ಕಾಲಿನ ಪ್ರಾಣಿಯ ಒಂದು ಕಾಲು ಅಂದರೆ ನಾಲ್ಕನೇ ಒಂದು ಭಾಗ. ಅಲ್ಲಿ ಪದ ಒಂದೇ, ಅರ್ಥ ಮಾತ್ರ ಕವಲೊಡೆದಿದೆ. ಬರೀ ನೋಡಿದರೆ ಹರಿಗೂ ಪಾದಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಚರಿತ್ರೆ ನೋಡಿದರೇ ಕಾಣುವುದು.

ಪ್ರಶ್ನೆ: ಸೋನಿಕ್, ಸೊನಾಟಾ, ಕಾನ್ಸೊನೆಂಟ್, ರೆಸೊನೆನ್ಸ್, ಇವೆಲ್ಲ ಸದ್ದಿಗೆ ಸಂಬಂಧಪಟ್ಟವೇ ಅಲ್ವಾ? ಇವುಗಳಲ್ಲಿ ಎಲ್ಲೂ 'ಡ' ಇಲ್ಲ. ಸೌಂಡಿಗೆ ಮಾತ್ರ ಎಲ್ಲಿಂದ ಬಂತು?

ಉತ್ತರ: ಚೆನ್ನಾಗಿ ಗಮನಿಸಿದ್ದೀರಿ. ಲ್ಯಾಟಿನ್ನಿನಲ್ಲೂ ಇಲ್ಲ, ಫ್ರೆಂಚಿನಲ್ಲೂ ಇಲ್ಲ. ಇಂಗ್ಲಿಷಿಗೆ ಬಂದಾಗಲೂ ಬರೀ 'ಸೂನ್' ಎಂದೇ ಇತ್ತು. 15ನೇ ಶತಮಾನದ ಸುಮಾರಿಗೆ ಜನ ಮಾತಾಡುತ್ತಾ ಮಾತಾಡುತ್ತಾ ಕೊನೆಗೆ ಒಂದು 'ಡ' ಅಂಟಿಸಿದರು, ಆಮೇಲೆ ಅದೇ ಖಾಯಂ ಆಯಿತು.

ಯಾಕೆ ಅಂತ ನಿಮ್ಮ ಬಾಯಲ್ಲೇ ನೋಡಿಕೊಳ್ಳಬಹುದು. ಇಂಗ್ಲಿಷಿನ 'ನ' ಹೇಳುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಿನ ದಿಣ್ಣೆಗೆ ತಾಗಿರುತ್ತದೆ, ಗಾಳಿ ಮೂಗಿನಿಂದ ಹೋಗುತ್ತಿರುತ್ತದೆ. 'ಡ' ಹೇಳುವಾಗಲೂ ನಾಲಿಗೆ ಅದೇ ಜಾಗದಲ್ಲಿ, ಆದರೆ ಮೂಗಿನ ದಾರಿ ಮುಚ್ಚಿರುತ್ತದೆ. 'ನ' ಮುಗಿಸುವಾಗ ನಾಲಿಗೆ ಎತ್ತುವ ಮೊದಲೇ ಮೂಗಿನ ದಾರಿ ಒಂದು ಕ್ಷಣ ಬೇಗ ಮುಚ್ಚಿತು ಅಂದುಕೊಳ್ಳಿ, ತಾನಾಗಿ ಒಂದು 'ಡ' ಕೇಳಿಸಿಬಿಡುತ್ತದೆ. ಯಾರೂ ಬೇಕಂತ ಸೇರಿಸಿದ್ದಲ್ಲ. ಗುಡುಗಿಗೆ ಹಳೆಯ ಇಂಗ್ಲಿಷಿನಲ್ಲಿ 'ಥುನರ್' ಎನ್ನುತ್ತಿದ್ದರು, ಅದು 'ಥಂಡರ್' ಆದದ್ದು ಹೀಗೆಯೇ. ಜರ್ಮನ್ನಲ್ಲಿ ಈಗಲೂ 'ಡೊನರ್', ನಡುವೆ ಡಕಾರ ಇಲ್ಲ. ಸಂಸ್ಕೃತದ ವಾನರ ಹಿಂದಿಯಲ್ಲಿ 'ಬಂದರ್' ಆಗಿರುವುದರಲ್ಲೂ ಇದೇ ಕೆಲಸ ನಡೆದಿದೆ.

ಆ 'ಡ' ಸೇರದೇ ಇದ್ದಿದ್ದರೆ ಸದ್ದಿನ ಪದ 'ಸೌನ್' ಆಗಿ ಉಳಿಯುತ್ತಿತ್ತು, ಉಳಿದ ಮೂರರ ಜೊತೆ ಬೆರೆಯುತ್ತಲೇ ಇರಲಿಲ್ಲ.

ಪ್ರಶ್ನೆ: ನಾನು ಕನ್ನಡ ಮೇಷ್ಟ್ರು. ಭಾಷಾವಿಜ್ಞಾನದಲ್ಲಿ ಮಾತಿನ ಸದ್ದಿಗೆ ಸ್ವನ, ಸ್ವನಿಮ ಅನ್ನುತ್ತೇವೆ. ಸೌಂಡ್ ಎನ್ನುವುದು ಸಂಸ್ಕೃತದ 'ಸ್ವನ'ದಿಂದಲೇ ಹೋದದ್ದು ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಹಿಂದಿಯ 'ಸುನ್' ಕೂಡ ಅದೇ ಎನ್ನುತ್ತಾರೆ. ನಿಜವೇ?

ಉತ್ತರ: ಮೊದಲನೆಯದು ಅರ್ಧ ನಿಜ, ಎರಡನೆಯದು ಅಲ್ಲ.

ಸ್ವನಕ್ಕೂ ಲ್ಯಾಟಿನ್ನಿನ ಸೊನುಸ್‌ಗೂ ರಕ್ತಸಂಬಂಧ ಇದೆ, ಅದರಲ್ಲಿ ಅನುಮಾನ ಬೇಡ. ಆದರೆ ಒಂದು ಇನ್ನೊಂದರಿಂದ ಹೋದದ್ದಲ್ಲ, ಎರಡೂ ಒಂದೇ ತಾಯಿಯ ಮಕ್ಕಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಇವೆಲ್ಲ ಈಗ ಉಳಿದಿರದ ಒಂದು ಮೂಲದಿಂದ ಕವಲೊಡೆದಿರಬೇಕು ಎಂದು ಕಲ್ಕತ್ತಾದಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ 1786ರಲ್ಲಿ ಏಷ್ಯಾಟಿಕ್ ಸೊಸೈಟಿಯ ಭಾಷಣದಲ್ಲಿ ಹೇಳಿದರು. ಆಮೇಲೆ ಬಂದ ವಿದ್ವಾಂಸರು ಅದನ್ನು ಪದ ಪದವಾಗಿ ತೋರಿಸಿಕೊಟ್ಟರು. ಸ್ವನ ಮತ್ತು ಸೊನುಸ್ ಆ ಪಟ್ಟಿಯಲ್ಲಿರುವ ಒಂದು ಜೋಡಿ. ಹಂಸಕ್ಕೆ ಇಂಗ್ಲಿಷಿನಲ್ಲಿ 'ಸ್ವಾನ್' ಅಂತಾರಲ್ಲ, ಅದನ್ನೂ ಇದೇ ಬೇರಿಗೆ ಸೇರಿಸುತ್ತಾರೆ. ಕೂಗುವ ಹಕ್ಕಿ ಎಂಬ ಅರ್ಥದಲ್ಲಿ.

ಹಿಂದಿಯ 'ಸುನ್' ಬೇರೆ. ಅದು ಸಂಸ್ಕೃತದ 'ಶೃಣೋತಿ'ಯಿಂದ ಬಂದದ್ದು, ಧಾತು 'ಶ್ರು'. ಶ್ರವಣ, ಶ್ರುತಿ ಎಲ್ಲ ಆ ಕಡೆಯವು. ಸದ್ದು ಮತ್ತು ಕೇಳು ಎಂಬ ಅರ್ಥಗಳು ಹತ್ತಿರ, ಸುನ್ ಮತ್ತು ಸೌಂಡ್ ಕಿವಿಗೂ ಹತ್ತಿರ, ಹಾಗಾಗಿ ಒಂದೇ ಅನ್ನಿಸಿಬಿಡುತ್ತದೆ. ಆದರೆ ಶ್ರು ಧಾತುವಿಗೆ ಇಂಗ್ಲಿಷಿನಲ್ಲಿ ನಿಜವಾದ ನೆಂಟ ಒಂದಿದೆ, ಅದು 'ಲೌಡ್'. ಹಳೆಯ ರೂಪ 'ಹ್ಲೂಡ್'. ಸಂಸ್ಕೃತದ 'ಶ್ರುತ' ಮತ್ತು ಇಂಗ್ಲಿಷಿನ 'ಲೌಡ್' ಒಂದೇ ಮೂಲರೂಪದ ಎರಡು ಕೊನೆಗಳು. ನೋಡಲು ಒಂದಕ್ಷರವೂ ಹೋಲುವುದಿಲ್ಲ ಅಲ್ವಾ? ಹೋಲುವ ಸುನ್ ನೆಂಟನಲ್ಲ, ಹೋಲದ ಲೌಡ್ ನೆಂಟ. ತರಗತಿಯಲ್ಲಿ ಈ ಎರಡು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿ ಬರೆದು ತೋರಿಸಿ ಸರ್, ಮಕ್ಕಳು ಮರೆಯುವುದಿಲ್ಲ.

ಪ್ರಶ್ನೆ: 'ಪಾರ್ಟಿ ತುಂಬಾ ಸೌಂಡ್ ಇದೆ' ಅಂದರೆ ದುಡ್ಡಿರುವವರು ಎಂದು ಅರ್ಥ ಮಾಡಿಕೊಳ್ಳುತ್ತೇವೆ. ದುಡ್ಡಿನ ಝಣಝಣ ಸದ್ದಿನಿಂದ ಬಂತೇ?

ಉತ್ತರ: ಇಲ್ಲ, ಇದೂ ಗೆಸುಂಡ್ ಮನೆತನದ್ದೇ. ಹಣಕಾಸಿನಲ್ಲಿ ಗಟ್ಟಿ, ಬೀಳುವ ಹೆದರಿಕೆ ಇಲ್ಲ ಎಂಬ ಅರ್ಥ. ಕಟ್ಟಡ ಸೌಂಡ್ ಆಗಿದೆ, ಸಲಹೆ ಸೌಂಡ್ ಆಗಿದೆ, ಉಯಿಲು ಬರೆಯುವಾಗ 'ಸೌಂಡ್ ಮೈಂಡ್' ಅಂದರೆ ಬುದ್ಧಿ ಸ್ವಸ್ಥವಾಗಿರುವಾಗ ಬರೆದದ್ದು, ಹೀಗೆ ಎಲ್ಲ ಕಡೆಯೂ ಬಿರುಕಿಲ್ಲದ್ದು ಎಂಬ ಒಂದೇ ಭಾವ.

ತರ್ಕಶಾಸ್ತ್ರದವರು ಇದೇ ಪದಕ್ಕೆ ಬಹಳ ಖಚಿತವಾದ ಅರ್ಥ ಕೊಟ್ಟಿದ್ದಾರೆ. ಎಲ್ಲ ಹಕ್ಕಿಗಳೂ ಹಾರುತ್ತವೆ, ಉಷ್ಟ್ರಪಕ್ಷಿ ಒಂದು ಹಕ್ಕಿ, ಆದ್ದರಿಂದ ಉಷ್ಟ್ರಪಕ್ಷಿ ಹಾರುತ್ತದೆ. ಈ ವಾದದ ಕಟ್ಟು ಸರಿ ಇದೆ, ಮೊದಲೆರಡು ಮಾತು ಒಪ್ಪಿದರೆ ಮೂರನೆಯದನ್ನು ಒಪ್ಪಲೇಬೇಕು. ಆದರೆ ಮೊದಲ ಮಾತೇ ಸುಳ್ಳು. ಇಂಥದ್ದನ್ನು ಅವರು 'ವ್ಯಾಲಿಡ್' ಅನ್ನುತ್ತಾರೆ, 'ಸೌಂಡ್' ಅನ್ನುವುದಿಲ್ಲ. ಕಟ್ಟೂ ಸರಿ ಇರಬೇಕು, ಕಲ್ಲೂ ಗಟ್ಟಿ ಇರಬೇಕು, ಆಗ ಮಾತ್ರ ಸೌಂಡ್.

ಪ್ರಶ್ನೆ: ಅತಿ ಹೆಚ್ಚು ಅರ್ಥ ಇರುವ ಇಂಗ್ಲಿಷ್ ಪದ 'ಸೆಟ್' ಎಂದು ಕ್ವಿಜ್‌ನಲ್ಲಿ ಹೇಳಿದರು. ಸೌಂಡ್ ಅಲ್ಲವೇ?

ಉತ್ತರ: ಸೌಂಡ್ ಆ ಪೈಪೋಟಿಯಲ್ಲೇ ಇಲ್ಲ. 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಸೆಟ್ ಎಂಬ ಕ್ರಿಯಾಪದದ್ದು, ಸುಮಾರು 430 ಅರ್ಥಗಳು. ಆಮೇಲೆ ನಿಘಂಟನ್ನು ಪರಿಷ್ಕರಿಸುವಾಗ 'ರನ್' ಅದನ್ನು ದಾಟಿತು, 2011ರಲ್ಲಿ ಸಂಪಾದಕರು ಕೊಟ್ಟ ಲೆಕ್ಕ 645. ಕ್ವಿಜ್‌ನವರು ಹಳೆಯ ಉತ್ತರ ಇಟ್ಟುಕೊಂಡಿದ್ದಾರೆ.

ಆದರೆ ಇವು ಪಾದದ ಥರ, ಒಂದೇ ಬೇರಿನಿಂದ ಕವಲೊಡೆದವು. ಒಂದು ವಿಶೇಷ ಮಾತ್ರ ಹೇಳಬೇಕು. ಒಂದು ಸೆಟ್ ಪಾತ್ರೆ, ಒಂದು ಸೆಟ್ ಪುಸ್ತಕ ಅನ್ನುತ್ತೇವಲ್ಲ, ಆ ಸೆಟ್ 'ಇಡು' ಎಂಬ ಅರ್ಥದ ಸೆಟ್‌ನಿಂದ ಹುಟ್ಟಿದ್ದಲ್ಲ. ಅದು ಲ್ಯಾಟಿನ್ನಿನ 'ಸೆಕ್ಟಾ' ಫ್ರೆಂಚಿನಲ್ಲಿ ಸವೆದು ಬಂದದ್ದು, ಅಂದರೆ ಪಂಥ ಎಂಬ ಅರ್ಥದ 'ಸೆಕ್ಟ್'ಗೆ ತಮ್ಮ. ಮೊದಲು ಒಂದು ಗುಂಪಿನ ಜನ ಎಂದಿತ್ತು. ಎರಡೂ ಒಂದೇ ಥರ ಇದ್ದುದರಿಂದ ಜನ ಒಂದೇ ಎಂದು ತಿಳಿದರು, ಆಮೇಲೆ ಅರ್ಥಗಳೂ ಒಂದರೊಳಗೊಂದು ಸೇರಿಕೊಂಡವು.

ಪ್ರಶ್ನೆ: ಅಟ್ಲಾಸಿನಲ್ಲಿ ಸ್ಟ್ರೇಟ್, ಚಾನೆಲ್, ಸೌಂಡ್ ಎಂದೆಲ್ಲ ಇದೆ. ಸೌಂಡ್ ಅಂದರೆ ಅಲೆಯ ಸದ್ದು ಜಾಸ್ತಿ ಇರುವ ಕಡಲು ಎಂದುಕೊಂಡಿದ್ದೆ. ಸರಿಯೇ?

ಉತ್ತರ: ಅಲ್ಲ. ಮೇಲೆ ಹೇಳಿದ ನಾರ್ಸ್ 'ಸುಂಡ್' ಇದು, ಇಂಗ್ಲಿಷಿನ 'ಸ್ವಿಮ್' ಇದರ ಹತ್ತಿರದ ಬಂಧು. ಐಸ್‌ಲ್ಯಾಂಡಿನಲ್ಲಿ ಇವತ್ತಿಗೂ ಸುಂಡ್ ಅಂದರೆ ಈಜು, ಈಜುಕೊಳಕ್ಕೆ 'ಸುಂಡ್‌ಲೌಗ್'. ಈಜಿ ದಾಟಬಹುದಾದಷ್ಟು ಅಗಲದ ಕಡಲು ಎಂಬ ಅರ್ಥದಿಂದ ಜಲಸಂಧಿಗೆ ಈ ಹೆಸರು ಬಂತು ಎಂದು ವಿವರಿಸುತ್ತಾರೆ.

ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವೆ ಒರೆಸುಂಡ್ ಎಂಬ ಜಲಸಂಧಿ ಇದೆ. ಅದರ ಕಿರಿದಾದ ಜಾಗದಲ್ಲಿ ಅಗಲ 4 ಕಿಲೋಮೀಟರ್ ಅಷ್ಟೇ, ಈ ದಡದಲ್ಲಿ ನಿಂತರೆ ಆ ದಡದ ಊರು ಕಾಣುತ್ತದೆ. ಇಂಗ್ಲಿಷ್ ನಾವಿಕರು ಇದನ್ನು ಬೇರೇನೂ ಸೇರಿಸದೆ 'ದಿ ಸೌಂಡ್' ಎಂದೇ ಕರೆಯುತ್ತಿದ್ದರು. ಬಾಲ್ಟಿಕ್ ಸಮುದ್ರಕ್ಕೆ ಹೋಗಿಬರುವ ಹಡಗುಗಳಿಂದ ಡೆನ್ಮಾರ್ಕಿನ ದೊರೆಗಳು 15ನೇ ಶತಮಾನದಿಂದ 1857ರವರೆಗೆ ಇಲ್ಲಿ ಸುಂಕ ವಸೂಲಿ ಮಾಡಿದರು. ಅಮೆರಿಕದ ಪ್ಯೂಜೆಟ್ ಸೌಂಡ್‌ಗೆ ಆ ಹೆಸರು ಬಂದದ್ದು 1792ರಲ್ಲಿ. ಜಾರ್ಜ್ ವ್ಯಾಂಕೂವರ್ ತನ್ನ ಹಡಗಿನ ಅಧಿಕಾರಿ ಪೀಟರ್ ಪ್ಯೂಜೆಟ್‌ನ ಹೆಸರು ಇಟ್ಟ. ನ್ಯೂಜಿಲೆಂಡಿನ ಮಿಲ್ಫರ್ಡ್ ಸೌಂಡ್ ಮಾತ್ರ ಹೆಸರಿಗೆ ತಕ್ಕಂತಿಲ್ಲ. ಹಿಮನದಿ ಕೊರೆದ ಕಣಿವೆಗೆ ಕಡಲು ನುಗ್ಗಿದ ಜಾಗ ಅದು, ಸರಿಯಾಗಿ ಹೇಳಬೇಕಾದರೆ ಫಿಯೋರ್ಡ್.

ಇದೇ ಈಜಿನ ಪದ ಮೀನಿನ ಹೊಟ್ಟೆಯೊಳಗೂ ಇದೆ. ಮೀನು ನೀರಿನಲ್ಲಿ ಮೇಲೆ ಕೆಳಗೆ ಹದವಾಗಿ ನಿಲ್ಲಲು ಒಂದು ಗಾಳಿಚೀಲ ಇರುತ್ತದಲ್ಲ, ಕಾಡ್‌ನಂಥ ಮೀನುಗಳಲ್ಲಿ ಅದಕ್ಕೆ ಇಂಗ್ಲಿಷಿನಲ್ಲಿ 'ಸೌಂಡ್' ಎಂದೇ ಹೆಸರು. ಕೆಲವು ಜಾತಿಯ ಮೀನುಗಳು ಆ ಚೀಲದ ಪಕ್ಕದ ಸ್ನಾಯುಗಳನ್ನು ಅದುರಿಸಿ ಡಂಗುರದಂಥ ಸದ್ದನ್ನೂ ಮಾಡುತ್ತವೆ, ಅವುಗಳನ್ನು ಡ್ರಮ್ ಮೀನು ಅಂತಲೇ ಕರೆಯುತ್ತಾರೆ. ಸೌಂಡ್‌ನಿಂದ ಸೌಂಡ್. ಆದರೂ ಚೀಲದ ಹೆಸರಿಗೆ ಕಾರಣ ಆ ಸದ್ದಲ್ಲ, ಈಜು.

ಪ್ರಶ್ನೆ: ಪಿಯುಸಿ ವಿದ್ಯಾರ್ಥಿನಿ ನಾನು. 'ಸೌಂಡಿಂಗ್ ರಾಕೆಟ್' ಎಂದು ಓದಿದೆ. ಎಲ್ಲ ರಾಕೆಟ್ಟೂ ಭಾರೀ ಸದ್ದು ಮಾಡುತ್ತದೆ. ಇದಕ್ಕೆ ಮಾತ್ರ ಯಾಕೆ ಆ ಹೆಸರು?

ಉತ್ತರ: ನಾಲ್ಕನೇ ಸೌಂಡ್ ಬಂತು. ಇದರ ಬಗ್ಗೆ ಬರೆಯಬೇಕೆಂದೇ ಕಾಯುತ್ತಿದ್ದೆ.

ಫ್ರೆಂಚಿನ 'ಸೊಂಡೆ' ಅಂದರೆ ಆಳ ನೋಡುವುದು. ಹಡಗಿನವರ ಮಾತು. ಗೊತ್ತಿಲ್ಲದ ದಡದ ಹತ್ತಿರ ಹಡಗು ಬಂದಾಗ ತಳ ನೆಲಕ್ಕೆ ತಾಗಿ ಒಡೆದುಹೋಗುವ ಭಯ. ಆಗ ಒಬ್ಬ ನಾವಿಕ ಹಡಗಿನ ಅಂಚಿನಲ್ಲಿ ನಿಂತು, ಹಗ್ಗದ ತುದಿಗೆ ಕಟ್ಟಿದ ಸೀಸದ ಗುಂಡನ್ನು ಬೀಸಿ ನೀರಿಗೆ ಎಸೆಯುತ್ತಿದ್ದ. ಗುಂಡು ತಳ ಮುಟ್ಟಿದಾಗ ಹಗ್ಗ ಎಷ್ಟು ಒಳಗೆ ಹೋಗಿದೆ ನೋಡಿದರೆ ಆಳ ಗೊತ್ತಾಗುತ್ತದೆ. ಅಳತೆ 'ಫ್ಯಾದಮ್'ನಲ್ಲಿ. ಎರಡೂ ಕೈ ಚಾಚಿದರೆ ಆಗುವ ಉದ್ದ, ಅಂದರೆ ನಮ್ಮ 'ಮಾರು'. ಈಗಿನ ಲೆಕ್ಕದಲ್ಲಿ 6 ಅಡಿ.

ಆ ಹಗ್ಗ ನನಗೆ ಬಹಳ ಸೋಜಿಗದ ವಸ್ತು. ರಾತ್ರಿ ಕತ್ತಲಲ್ಲಿ, ಮಳೆಯಲ್ಲಿ, ಕಣ್ಣಿಗೆ ಏನೂ ಕಾಣದಿದ್ದಾಗಲೂ ಆಳ ತಿಳಿಯಬೇಕಲ್ಲ. ಅದಕ್ಕೆ ಹಗ್ಗಕ್ಕೆ ಅಲ್ಲಲ್ಲಿ ಗುರುತು ಕಟ್ಟುತ್ತಿದ್ದರು: ಎರಡು ಮಾರಿಗೆ ಎರಡು ಎಳೆ ಚರ್ಮ, ಮೂರಕ್ಕೆ ಮೂರು ಎಳೆ, ಐದಕ್ಕೆ ಬಿಳಿ ಬಟ್ಟೆ, ಏಳಕ್ಕೆ ಕೆಂಪು ಬಟ್ಟೆ, ಹತ್ತಕ್ಕೆ ತೂತಿರುವ ಚರ್ಮ. ಬಿಳಿಯದು ಒಂದು ಜಾತಿಯ ಬಟ್ಟೆ, ಕೆಂಪಿನದು ಇನ್ನೊಂದು ಜಾತಿಯದು, ಕೈಯಲ್ಲಿ ಮುಟ್ಟಿದರೆ ಸಾಕು ಯಾವುದೆಂದು ತಿಳಿಯುತ್ತಿತ್ತು. ಗುಂಡಿನ ತಳದಲ್ಲಿ ಒಂದು ಗುಳಿ, ಅದರೊಳಗೆ ಪ್ರಾಣಿಯ ಕೊಬ್ಬು ಮೆತ್ತಿರುತ್ತಿದ್ದರು. ಮೇಲೆ ಎಳೆದಾಗ ಅದಕ್ಕೆ ಮರಳೋ ಕೆಸರೋ ಚಿಪ್ಪಿನ ಚೂರೋ ಅಂಟಿಕೊಂಡು ಬರುತ್ತಿತ್ತು. ಆಳದ ಜೊತೆಗೆ ತಳ ಎಂಥದ್ದು ಎಂಬುದೂ ಗೊತ್ತಾಯಿತು, ಲಂಗರು ಹಾಕಬಹುದೋ ಇಲ್ಲವೋ ತೀರ್ಮಾನಿಸಬಹುದು.

ಅಳತೆ ನೋಡಿದವನು ಅದನ್ನು ಜೋರಾಗಿ ಕೂಗಿ ಹೇಳುತ್ತಿದ್ದ. ಎರಡು ಮಾರು ಇದ್ದರೆ 'ಮಾರ್ಕ್ ಟ್ವೇನ್' ಎಂದು, ಟ್ವೇನ್ ಅಂದರೆ ಹಳೆಯ ಇಂಗ್ಲಿಷಿನ ಎರಡು. ಮಿಸಿಸಿಪ್ಪಿ ನದಿಯಲ್ಲಿ ಹಬೆ ದೋಣಿ ನಡೆಸುತ್ತಿದ್ದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ 1863ರಲ್ಲಿ ಆ ಕೂಗನ್ನೇ ತನ್ನ ಕಾವ್ಯನಾಮ ಮಾಡಿಕೊಂಡ.

ಈಗ ನಿನ್ನ ರಾಕೆಟ್. ಕಡಲಿನ ಆಳಕ್ಕೆ ಗುಂಡು ಇಳಿಸಿ ತಳ ನೋಡಿದ ಹಾಗೆ, ಗಾಳಿಯ ಕಡಲಿನೊಳಗೆ ಉಪಕರಣ ಏರಿಸಿ ಅಲ್ಲೇನಿದೆ ನೋಡುವುದು ಇದರ ಕೆಲಸ. ಬಲೂನು ಸುಮಾರು 40 ಕಿಲೋಮೀಟರ್‌ವರೆಗೆ ಏರಬಲ್ಲದು. ಉಪಗ್ರಹ ಅದಕ್ಕಿಂತ ತುಂಬಾ ಮೇಲೆ ಸುತ್ತುತ್ತದೆ, ಕೆಳಗೆ ಬಂದರೆ ಗಾಳಿಯ ತಿಕ್ಕಾಟಕ್ಕೆ ಬಿದ್ದುಹೋಗುತ್ತದೆ. ಇವೆರಡರ ನಡುವಿನ ಪದರಕ್ಕೆ ನೇರವಾಗಿ ಹೋಗಿ ಅಳತೆ ಮಾಡಲು ಇರುವುದು ಸೌಂಡಿಂಗ್ ರಾಕೆಟ್. ಕೆಲವೇ ನಿಮಿಷ ಹಾರುತ್ತದೆ, ಕಕ್ಷೆಗೆ ಸೇರುವುದಿಲ್ಲ, ಅಳೆದು ಕೆಳಗೆ ಬೀಳುತ್ತದೆ. 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಊರಿನಿಂದ ಹಾರಿದ ನೈಕಿ-ಅಪಾಚೆ ಕೂಡ ಇಂಥದ್ದೇ, ಭಾರತದ ನೆಲದಿಂದ ನಡೆದ ಬಾಹ್ಯಾಕಾಶ ಕೆಲಸ ಶುರುವಾದದ್ದೇ ಒಂದು ಸೌಂಡಿಂಗ್ ರಾಕೆಟ್‌ನಿಂದ. ಹವಾಮಾನದವರು ಬಲೂನಿಗೆ ಕಟ್ಟಿ ಬಿಡುವ 'ರೇಡಿಯೋಸೊಂಡ್' ಎಂಬ ಉಪಕರಣದಲ್ಲೂ ಇದೇ ಫ್ರೆಂಚ್ ಪದ ಇದೆ.

ಇನ್ನೆರಡು ಕಡೆ ಇದೇ ಅರ್ಥ ಸಿಗುತ್ತದೆ. ಒಬ್ಬರ ಮನಸ್ಸಿನಲ್ಲೇನಿದೆ ಎಂದು ಮೆಲ್ಲಗೆ ತಿಳಿದುಕೊಳ್ಳುವುದಕ್ಕೆ 'ಸೌಂಡ್ ಔಟ್' ಅನ್ನುತ್ತಾರೆ. ನಾವು ನಾಡಿ ಹಿಡಿದು ನೋಡುತ್ತೇವೆ, ಅವರು ಆಳಕ್ಕೆ ಗುಂಡು ಬಿಡುತ್ತಾರೆ. ತಿಮಿಂಗಿಲ ನೇರ ಆಳಕ್ಕೆ ಮುಳುಗಿದರೆ 'ದಿ ವೇಲ್ ಸೌಂಡೆಡ್' ಎನ್ನುತ್ತಾರೆ. ತಿಮಿಂಗಿಲ ಕೂಗಿತು ಎಂದು ಅನುವಾದ ಮಾಡಿದರೆ ಪೂರ್ತಿ ತಪ್ಪಾಗುತ್ತದೆ.

ಪ್ರಶ್ನೆ: ಹಡಗುಗಳಲ್ಲಿ 'ಎಕೋ ಸೌಂಡರ್' ಇರುತ್ತದೆ. ಅದು ಸದ್ದು ಬಿಟ್ಟೇ ಆಳ ಅಳೆಯುತ್ತದೆ. ಹಾಗಿದ್ದರೆ ಸದ್ದಿಗೂ ಆಳಕ್ಕೂ ಸಂಬಂಧ ಇದೆ ಅಂತಾಯಿತಲ್ಲ? ಜೊತೆಗೆ, ಜಲಸಂಧಿಯೂ ಕಡಲು, ಆಳ ಅಳೆಯುವುದೂ ಕಡಲಲ್ಲೇ, ಅವೆರಡೂ ಒಂದೇ ಪದ ಯಾಕಾಗಿರಬಾರದು?

ಉತ್ತರ: ಎರಡೂ ಒಳ್ಳೆಯ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ: ಸಂಬಂಧ ಇಲ್ಲ, ಅದು ಕಾಕತಾಳೀಯ. ಆದರೆ ಎಂಥ ಚಂದದ ಕಾಕತಾಳೀಯ ನೋಡಿ.

ಬ್ರಿಟನ್ನಿನ ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಮಹಾಸಾಗರಗಳನ್ನು ಅಧ್ಯಯನ ಮಾಡುತ್ತಾ ಸುತ್ತಿತು. 1875ರ ಮಾರ್ಚ್‌ನಲ್ಲಿ ಪೆಸಿಫಿಕ್ ಸಾಗರದ ಒಂದು ಜಾಗದಲ್ಲಿ ಹಗ್ಗ ಇಳಿಸಿದಾಗ 4,475 ಫ್ಯಾದಮ್ ಆಳ ಸಿಕ್ಕಿತು, ಅಂದರೆ 8 ಕಿಲೋಮೀಟರ್‌ಗೂ ಜಾಸ್ತಿ. ಅಷ್ಟು ಉದ್ದದ ಹಗ್ಗ ಇಳಿಸಿ ಮತ್ತೆ ಎಳೆಯಲು ಗಂಟೆಗಟ್ಟಲೆ ಬೇಕು. ಒಂದೇ ಒಂದು ಅಂಕೆಗಾಗಿ.

1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಅಲೆಕ್ಸಾಂಡರ್ ಬೇಮ್ ಎಂಬ ಜರ್ಮನ್ ವಿಜ್ಞಾನಿ, ನೀರಿನೊಳಗೆ ಸದ್ದು ಬಿಟ್ಟು ಹಿಮಗಡ್ಡೆ ಪತ್ತೆ ಮಾಡಬಹುದೇ ಎಂದು ಹೊರಟ. ಹಿಮಗಡ್ಡೆಗೆ ಅದು ಅಷ್ಟು ಸರಿಹೋಗಲಿಲ್ಲ, ಕಡಲ ತಳಕ್ಕೆ ಬಹಳ ಚೆನ್ನಾಗಿ ಸರಿಹೋಯಿತು. 1913ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. ಚಾಲೆಂಜರ್ ಅಳೆದ ಅದೇ ಆಳಕ್ಕೆ ಸದ್ದು ಹೋಗಿ ಮಾರ್ದನಿ ವಾಪಸ್ ಬರಲು 11 ಸೆಕೆಂಡ್ ಸಾಕು. 1925ರಿಂದ 1927ರವರೆಗೆ ಜರ್ಮನಿಯ ಮೀಟಿಯರ್ ಹಡಗು ದಕ್ಷಿಣ ಅಟ್ಲಾಂಟಿಕ್‌ನಲ್ಲಿ 67 ಸಾವಿರಕ್ಕೂ ಹೆಚ್ಚು ಸಲ ಹೀಗೆ ಆಳ ಅಳೆಯಿತು. ಹಗ್ಗ ಹಿಡಿದು ಕೂತಿದ್ದರೆ ಅದು ಆಗದ ಮಾತು. ಎಕೋ ಸೌಂಡರ್‌ನ ಸೌಂಡರ್ ಎಂದರೆ ಆಳ ನೋಡುವುದು, ಸದ್ದು ಮಾಡುವುದಲ್ಲ. ಸದ್ದನ್ನು ಹೇಳಲಿಕ್ಕೆ ಅಲ್ಲಿ 'ಎಕೋ' ಎಂಬ ಬೇರೆ ಪದವೇ ಇದೆ. ನಾಲ್ಕೈದು ಶತಮಾನ ಹೆಸರೊಂದೇ ಆಗಿದ್ದ ಎರಡು ಪದಗಳು ಕೊನೆಗೆ ಒಂದೇ ಯಂತ್ರದಲ್ಲಿ ಸೇರಿ ಕೆಲಸ ಮಾಡಿದವು.

ಎರಡನೇ ಪ್ರಶ್ನೆಗೆ ವಿದ್ವಾಂಸರಲ್ಲೇ ಎರಡು ಮಾತಿದೆ. ಫ್ರೆಂಚಿನ ಸೊಂಡೆ ಲ್ಯಾಟಿನ್ನಿನ 'ಅಲೆಯ ಕೆಳಗೆ' ಎಂಬ ಅರ್ಥದ ಪದಗಳಿಂದ, ಅಂದರೆ 'ಸುಬ್' ಮತ್ತು 'ಉಂಡಾ' ಸೇರಿ ಆದದ್ದು ಎಂದು ಕೆಲವರು. ಇನ್ನು ಕೆಲವರು ಬೇರೆ ಕಡೆ ಕೈ ತೋರಿಸುತ್ತಾರೆ. ಹಳೆಯ ಇಂಗ್ಲಿಷಿನಲ್ಲೇ 'ಸುಂಡ್‌ಲೀನೆ', 'ಸುಂಡ್‌ಗ್ಯೂರ್ಡ್' ಎಂಬ ಪದಗಳು ಸಿಕ್ಕಿವೆ. ಮೊದಲನೆಯದು ಆಳ ನೋಡುವ ಹಗ್ಗ, ಎರಡನೆಯದು ಆಳ ನೋಡುವ ಕೋಲು. ಅಲ್ಲಿನ 'ಸುಂಡ್' ನಾರ್ಸ್ ಸುಂಡ್‌ನ ಒಡಹುಟ್ಟು. ಉತ್ತರದ ನಾವಿಕರಿಂದಲೇ ಈ ಪದ ಫ್ರೆಂಚಿಗೆ ಹೋಗಿ, ಅಲ್ಲಿಂದ ಸೊಂಡೆ ಆಗಿ ವಾಪಸ್ ಬಂದಿರಬೇಕು ಎನ್ನುವುದು ಇವರ ವಾದ. ನನಗೆ ಈ ಎರಡನೇ ವಾದವೇ ಜಾಸ್ತಿ ಹಿಡಿಸುತ್ತದೆ, ಯಾಕೆಂದರೆ ಹಗ್ಗವೂ ಕೋಲೂ ಅಲ್ಲಿ ಆಗಲೇ ಇದ್ದವು. ಅದು ಸರಿ ಇದ್ದರೆ ನಿಮ್ಮ ಊಹೆಯೂ ಸರಿ, ಕಡಲಿನ ಎರಡು ಸೌಂಡ್ ಅಣ್ಣತಮ್ಮಂದಿರು. ಆಗ ನಮ್ಮ ಲೆಕ್ಕದಲ್ಲಿ ಮನೆತನ ನಾಲ್ಕಲ್ಲ, ಮೂರು.